‘ಲೆ’ ಅಂದರೆ ಏಟು, ‘ಲಾ’ ಅಂದರೆ ಅಂಟು

ಆ ಬೀದಿಯಲ್ಲಿ ಚಪ್ಪಲಿ ಹೊಲಿಯುವ ಯಜಮಾನರಿಗೆ ಅರವತ್ತು ದಾಟಿದ ಮೇಲೆ ಸ್ಪ್ಯಾನಿಷ್ ಕಲಿಯುವ ಹುಚ್ಚು ಹತ್ತಿತು. ಎದುರು ಮನೆಗೆ ಬಾಡಿಗೆಗೆ ಬಂದ ಸ್ಪೇನ್ ದೇಶದ ಮೇಡಂ ಕನ್ನಡವನ್ನು ಆರೇ ತಿಂಗಳಲ್ಲಿ ಕಲಿತಿದ್ದರು; ತಾನೇನು ಕಮ್ಮಿ ಎಂದು ಇವರೂ ಪುಸ್ತಕ ಹಿಡಿದರು.

ಒಂದು ಬೆಳಿಗ್ಗೆ ಮೇಡಂ ಅಡಿಯ ಅಟ್ಟೆ ಕಿತ್ತುಬಂದ ಚಪ್ಪಲಿ ತಂದರು. ಯಜಮಾನರು ಅಂಟಿಸುವ ಸಲ್ಯೂಷನ್ ಡಬ್ಬಿ ತೆರೆಯುತ್ತ ಗತ್ತಿನಿಂದ, “ಲೆ ಪೇಗೋ” ಎಂದರು.

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. “‘ನಿಮಗೆ ಹೊಡೀತೀನಿ’ ಅಂದ್ರಲ್ಲ, ಯಜಮಾನ್ರೇ.”

ಇವರ ಮುಖ ಹುಳ್ಳಗಾಯಿತು. “ಅಂಟಿಸ್ತೀನಿ ಅನ್ನೋಕೆ ಹೋದೆ ಮೇಡಂ.”

“ಹೊಡೆಯೋದು, ಅಂಟಿಸೋದು ಎರಡಕ್ಕೂ ‘ಪೇಗೋ’ ಒಂದೇ ಮಾತು. ಅದಕ್ಕೆ ಮೊದಲು ‘ಲೆ’ ಬಂದ್ರೆ ‘ನಿಮಗೆ’, ‘ಲಾ’ ಬಂದ್ರೆ ‘ಅದನ್ನ’. ನಿಮ್ಮ ಕನ್ನಡದಲ್ಲೂ ಹಾಗೇ ಅಲ್ವಾ? ನಿಮಗೆ ಹೊಡೀತೀನಿ, ಅದನ್ನ ಅಂಟಿಸ್ತೀನಿ.”

ಪಕ್ಕದಲ್ಲಿ ಬ್ಯಾಗಿನ ಝಿಪ್ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತದೆಯೇ, “ಹೆದರ್ಬೇಡಿ ಮೇಡಂ, ಇವರು ಮೊಳೆಗೂ ನೋವಾಗದ ಹಾಗೆ ಹೊಡೆಯೋರು” ಎಂದರು.

ಮೂವರೂ ನಕ್ಕರು. ಯಜಮಾನರು ‘ನಿಮಗೆ’, ‘ಅದನ್ನ’ ಎಂದು ಬಾಯಲ್ಲೇ ತೂಗಿ ನೋಡಿ, ಅಟ್ಟೆಗೆ ಸಲ್ಯೂಷನ್ ಸವರಿ, “ಲಾ ಪೇಗೋ” ಎಂದರು. ಮೇಡಂ ತಲೆದೂಗಿದರು. ಇಷ್ಟು ವರ್ಷ ತಾನು ಗೊತ್ತಿಲ್ಲದೆಯೇ ಇದೇ ವ್ಯಾಕರಣ ಮಾತಾಡುತ್ತಿದ್ದೆನಲ್ಲ ಎಂದು, ಅಟ್ಟೆಯನ್ನು ಒತ್ತಿ ಹಿಡಿದು ಕೂತ ಯಜಮಾನರಿಗೆ ಒಳಗೊಳಗೇ ಖುಷಿಯಾಯಿತು.