ಒಂಬತ್ತನೆಯ ಕೋಟೆಯ ಶಿವಶಂಕರ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಯಾವುದು ಎಂದು ಕೇಳಿದರೆ ಜನ ಎರಡು ಮೂರು ಅಂಗಡಿ ತೋರಿಸುತ್ತಾರೆ. ಒಂಬತ್ನೇ ಕ್ವಾಟೆ ಶಿವಣ್ಣನ ಅಂಗಡಿ ಎಂದರೆ ಒಂದನ್ನೇ ತೋರಿಸುತ್ತಾರೆ. ಶಿವಶಂಕರ ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಪೈಪು ಅಳೆಯುವಾಗ ಗೇಣಿನಷ್ಟೂ ಮೋಸ ಮಾಡುವುದಿಲ್ಲ. ಆದರೂ ನೆಂಟರಿಷ್ಟರ ಲೆಕ್ಕದಲ್ಲಿ ಅವನು ಸುಳ್ಳುಗಾರ. ಹದಿಮೂರನೆಯ ವಯಸ್ಸಿನಲ್ಲಿ ಹೇಳಿದ ಒಂದೇ ಒಂದು ಮಾತು ನಲವತ್ತು ಕಳೆದರೂ ಅವನನ್ನು ಬಿಟ್ಟಿಲ್ಲ.

ಆ ಮಾತು ಹುಟ್ಟಿದ್ದು ಹರದನಹಳ್ಳಿಯ ಮನೆಯಲ್ಲಿ, ಒಂದು ಆಯುಧಪೂಜೆಯ ಮಧ್ಯಾಹ್ನ. ಅಪ್ಪ ಚಿಕ್ಕಮಲ್ಲಪ್ಪ ಚಾಮರಾಜನಗರದಿಂದ ತಂದುಕೊಟ್ಟಿದ್ದ ಟೀವಿ ಗೇಮಿಗೆ ಒಂದು ಹಳದಿ ಕ್ಯಾಸೆಟ್ಟಿತ್ತು. ಅದರಲ್ಲಿ ಟೋಪಿ ಹಾಕಿದ ಕುಳ್ಳನೊಬ್ಬ ಎಂಟು ಕೋಟೆ ದಾಟಬೇಕು. ಎಂಟನೆಯದನ್ನು ದಾಟಿದರೆ ಬಾವುಟ ಹಾರಿ ಆಟ ಮುಗಿಯುತ್ತದೆ. ಅಂದು ಶಿವಶಂಕರ ಎಂಟನ್ನೂ ದಾಟಿದ. ಬಾವುಟ ಹಾರಲಿಲ್ಲ. ಒಂಬತ್ತನೆಯ ಕೋಟೆ ಬಂತು. ಮರಗಳು ತಲೆಕೆಳಗಾಗಿ ಆಕಾಶದಿಂದ ನೇತಾಡುತ್ತಿದ್ದವು, ಕಂದಕದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಅಲ್ಲಿಯತನಕ ಪಕ್ಕದಲ್ಲೇ ಕೂತಿದ್ದ ಸೋದರಮಾವನ ಮಗ ಬಸವಪ್ರಸಾದ್ ಅಷ್ಟರಲ್ಲಿ ಒಬ್ಬಟ್ಟಿನ ವಾಸನೆ ಹಿಡಿದು ಅಡಿಗೆಮನೆಗೆ ಹೋಗಿದ್ದ. ಅವನು ಬಾಯಿ ಒರೆಸಿಕೊಂಡು ಬರುವ ಹೊತ್ತಿಗೆ ಕರೆಂಟು ಹೋಗಿತ್ತು.

"ಒಂಬತ್ನೇ ಕ್ವಾಟೆ ಬಂತು ಬಾವ! ಮರ ಎಲ್ಲಾ ಉಲ್ಟಾ!"

"ನಿನ್ ತಲೆ ಉಲ್ಟಾ ಕಣ್ಲಾ. ಎಂಟೇ ಇರದು ಅಂತ ಡಬ್ಬದ ಮ್ಯಾಲೇ ಬರ್ದದೆ. ಓದಕ್ಕೆ ಬರಕಿಲ್ವಾ?"

ಮತ್ತೆ ಎಷ್ಟು ಆಡಿದರೂ ಎಂಟಕ್ಕೇ ಬಾವುಟ ಹಾರಿತು. ಕ್ಯಾಸೆಟ್ಟು ಅಟ್ಟ ಸೇರಿತು, ಅಡ್ಡಹೆಸರು ಬೀದಿ ಸೇರಿತು. ಬಸವಪ್ರಸಾದ್ ಮುಂದೆ ಚಾಮರಾಜನಗರದಲ್ಲಿ ಕಾಲೇಜು ಉಪನ್ಯಾಸಕನಾದ. ಅವನು ಹೇಳಿದ್ದಕ್ಕೆ ಆಧಾರ ಕೇಳುವವರು ಆ ಮೇಲೆ ಯಾರೂ ಉಳಿಯಲಿಲ್ಲ.

ಇಂಥ ಸಂಗತಿಯನ್ನು ಬುದ್ಧಿ ಬಂದ ಮೇಲೆ ಮನುಷ್ಯ ಮರೆಯುತ್ತಾನೆ. ಶಿವಶಂಕರನಿಗೆ ಬುದ್ಧಿಯ ಜೊತೆಗೆ ಎಲೆಕ್ಟ್ರಾನಿಕ್ಸಿನ ಪದವಿಯೂ ಬಂದದ್ದು ತೊಂದರೆಯಾಯಿತು. ಅಂಗೈಯಗಲದ ಆಟದ ಯಂತ್ರಗಳು ಮಾರುಕಟ್ಟೆಗೆ ಬಂದಾಗ ಅವನು ಒಂದನ್ನು ತರಿಸಿಕೊಂಡ. ಹಳೆಯ ಆಟಗಳನ್ನೆಲ್ಲ ಅದರಲ್ಲಿ ಆಡಬಹುದು. ಹೊಸ ಯಂತ್ರಕ್ಕೆ ಹಳೆಯ ಯಂತ್ರದ ವೇಷ ಕಟ್ಟಿಸುವ ತಂತ್ರಾಂಶವೊಂದು ಒಳಗಿರುತ್ತದೆ. ಎಮ್ಯುಲೇಟರ್ ಎಂದು ಅದರ ಹೆಸರು. ಅವನು ಎಂಟು ಕೋಟೆ ದಾಟಿದ. ಬಾವುಟ ಹಾರಿತು.

ವೇಷ ಸರಿಯಾಗಿಲ್ಲ ಎಂದು ಶಿವಶಂಕರ ತೀರ್ಮಾನಿಸಿದ. ಗುಂಡಿ ಒತ್ತಿದ ಮೇಲೆ ಕುಳ್ಳ ಒಂದು ಕ್ಷಣ ತಡೆದು ಹಾರುತ್ತಿದ್ದ, ಸಂಗೀತ ಚರಚರ ಎನ್ನುತ್ತಿತ್ತು, ಓಡುವಾಗ ಚಿತ್ರ ಅಡ್ಡಕ್ಕೆ ಹರಿದಂತಾಗುತ್ತಿತ್ತು. ಇಷ್ಟು ಕಡೆ ತಪ್ಪಿದ ಯಂತ್ರ ಒಂಬತ್ತನೆಯ ಕೋಟೆಯನ್ನೂ ತಪ್ಪಿಸಿರಲೇಬೇಕಲ್ಲ! ತಪ್ಪುಗಳೆಲ್ಲ ಹೋದ ದಿನ ಕೋಟೆ ತಾನಾಗಿ ಬರುತ್ತದೆ.

ಹಾಗೆ ಶುರುವಾಯಿತು. ಪೈಪು ಜೋಡಿಸುವ ಎಲ್ಬೋ, ಟೀಗಳ ನಡುವೆ ಬಿಚ್ಚಿದ ಯಂತ್ರಗಳು ಬಂದು ಕೂತವು. ಆ ತಂತ್ರಾಂಶ ಒಬ್ಬರ ಸ್ವತ್ತಲ್ಲ, ಲೋಕದ ಹಲವು ಮೂಲೆಯವರು ಸೇರಿ ತಿದ್ದುವಂಥದ್ದು. ಶಿವಶಂಕರನೂ ಅವರಲ್ಲಿ ಸೇರಿಕೊಂಡ. ಚರಚರ ಸದ್ದು ಅವನಿಂದ ನಿಂತಿತು. ಗುಂಡಿಯ ತಡ ಅವನಿಂದ ಅರ್ಧಕ್ಕಿಳಿಯಿತು. ಪೋಲೆಂಡಿನಿಂದ, ಬ್ರೆಜಿಲಿನಿಂದ ಧನ್ಯವಾದಗಳು ಬಂದವು. ಗುಂಡ್ಲುಪೇಟೆಯಿಂದ ಬಂದದ್ದು ಹೆಂಡತಿ ಶಶಿರೇಖಾಳ ಮಾತು ಮಾತ್ರ:

"ಪೋಲೆಂಡ್‌ನೋರ ಗುಂಡಿ ಸರಿಯಾಯ್ತಂತಾ? ಸಂತೋಷ. ನಮ್ಮನೆ ಕಾಲಿಂಗ್ ಬೆಲ್ಲು ಈಗ ಒತ್ತುದ್ರೆ ಓಣಂ ಹೊತ್ಗೆ ಸದ್ದಾಯ್ತದೆ, ಅದ್ನೂ ಒಸಿ ನೋಡಿ."

ಅವನು ಬೆಲ್ಲನ್ನು ನೋಡಲಿಲ್ಲ. ಒಂದೊಂದು ತಪ್ಪು ತೆಗೆದಾಗಲೂ ಎಂಟು ಕೋಟೆ ದಾಟಿ ನೋಡಿದ. ಪ್ರತಿ ಸಲವೂ ಬಾವುಟ ಮೊದಲಿಗಿಂತ ಚೆನ್ನಾಗಿ ಹಾರಿತು.

ಕಳೆದ ಆಯುಧಪೂಜೆಗೆ ಅವನ ತಾಯಿ ದೊಡ್ಡಮಲ್ಲಮ್ಮ ಅಂಗಡಿಗೆ ಬಂದಳು. ಸೊಸೆ ತಟ್ಟೆ ಹಿಡಿದು ನಿಂತರೆ ಪೂಜೆ ಮಾಡುವುದು ಅತ್ತೆಯೇ. ತಕ್ಕಡಿಗೆ, ಪೈಪು ಕೊಯ್ಯುವ ಗರಗಸಕ್ಕೆ, ಸ್ಕೂಟರಿಗೆ ಮೂರು ಬೆರಳಿನ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟಳು. ಮುಂದಿನ ಸಾಲಿನಲ್ಲಿ ಆಟದ ಯಂತ್ರಗಳಿದ್ದವು. ಶಿವಶಂಕರ ಓಡಿಬಂದು ಒಂದನ್ನು ಎತ್ತಿಕೊಂಡ.

"ಅವ್ವ, ಅದ್ಕೆ ಬ್ಯಾಡ! ಸಂದಿಗೆ ಬೂದಿ ಹೋದ್ರೆ ಕೆಟ್ಟೋಯ್ತದೆ."

"ಕೆಡಕೆ ನಾನೇನ್ ಸಗಣಿ ಬಳಿತಿದ್ದೀನಾ? ಸಿವನ ವಿಭೂತಿ ಕಣ. ಆವತ್ತು ಊರ್ನಲ್ಲಿ ನಿನ್ ಹಳದಿ ಕ್ಯಾಸೆಟ್ಗೂ ಬಳ್ದಿದ್ದೆ. ಬಾಯಿಗೇ ಮೆತ್ತಿದ್ದೆ. ಕೆಟ್ಟೋಯ್ತಾ? ಆವತ್ತೇ ತಾನೆ ನೀನು ಎಲ್ಲಾ ಕ್ವಾಟೆ ಗೆದ್ದು ಕುಣ್ದಾಡಿದ್ದು?"

ಶಿವಶಂಕರ ಕೈಯಲ್ಲಿದ್ದ ಯಂತ್ರವನ್ನು ಹಾಗೇ ಕೆಳಗಿಟ್ಟ.

ಕ್ಯಾಸೆಟ್ಟಿನ ಬಾಯಲ್ಲಿ ಹಲ್ಲುಸಾಲಿನಂತೆ ತಾಮ್ರದ ಪಟ್ಟಿಗಳಿರುತ್ತವೆ. ಅವುಗಳ ನಡುವೆ ಒದ್ದೆ ಬೂದಿ ಕೂತರೆ ಒಂದು ಪಟ್ಟಿಯ ಸುದ್ದಿ ಇನ್ನೊಂದಕ್ಕೆ ಸೋರುತ್ತದೆ. ಬಾವುಟ ಬರಬೇಕಾದಲ್ಲಿ ಬೇರೇನೋ ಬರುತ್ತದೆ. ಬೂದಿ ಒಣಗಿದರೆ ಸೋರುವುದೂ ನಿಲ್ಲುತ್ತದೆ. ಒಂಬತ್ತನೆಯ ಕೋಟೆ ಆಟದಲ್ಲಿ ಇರಲೇ ಇಲ್ಲ. ಅದು ಅವ್ವನ ಬೆರಳಲ್ಲಿತ್ತು. ಇಷ್ಟು ವರ್ಷ ಅವನು ತಪ್ಪುಗಳನ್ನು ತೆಗೆದು ತೆಗೆದು ಹುಡುಕುತ್ತಿದ್ದುದು ಒಂದು ತಪ್ಪನ್ನು.

ಆದರೂ ಕಂಡದ್ದು ಸುಳ್ಳಲ್ಲವಲ್ಲ. ಮರುದಿನವೇ ಹರದನಹಳ್ಳಿಗೆ ಹೋಗಿ ಅಟ್ಟ ಹತ್ತಿ ಹಳದಿ ಕ್ಯಾಸೆಟ್ಟು, ಟೀವಿ ಗೇಮಿನ ಹಳೆಯ ಪೆಟ್ಟಿಗೆ ಎರಡನ್ನೂ ಇಳಿಸಿದ. ಪಟ್ಟಿಗಳ ಮೇಲೆ ಬೂದಿ ಅಂದು ಕೂತಂತೆಯೇ ಗಟ್ಟಿಯಾಗಿ ಕೂತಿತ್ತು; ಒಂದು ಹನಿ ನೀರು ಸೋಕಿಸಿದರೆ ಸಾಕು. ಬಸವಪ್ರಸಾದನಿಗೆ ಫೋನು ಮಾಡಿ, ಭಾನುವಾರ ಅಂಗಡಿಗೆ ಬಾ, ಕೋಟೆ ತೋರಿಸುತ್ತೇನೆ ಎಂದ.

ಭಾನುವಾರ ಬಸವಪ್ರಸಾದ್ ಬಂದ, ಕುರ್ಚಿ ಎಳೆದುಕೊಂಡ. "ಈ ಸಲ ಒಬ್ಬಟ್ಗೆ ಏಳಕಿಲ್ಲ. ತೋರ್ಸು." ಶಿವಶಂಕರ ಕ್ಯಾಸೆಟ್ಟು ಕೈಗೆತ್ತಿಕೊಂಡ. ಮೇಜಿನ ಬಲಕ್ಕೆ ಸ್ಪಿರಿಟಿನ ಸೀಸೆ, ಹತ್ತಿ ಸುತ್ತಿದ ಕಡ್ಡಿ. ರಿಪೇರಿಗೆ ಕೈಗೆ ಬಂದದ್ದನ್ನೆಲ್ಲ ಅವನು ಮೊದಲು ಅದರಿಂದ ಒರೆಸುತ್ತಾನೆ. ಎಡಗೈ ಹಿಡಿಯಿತು, ಬಲಗೈ ಒರೆಸಿತು. ಬಾಯಿ ಭಾವನಿಗೆ ವಿಭೂತಿಯ ಮಹಿಮೆ ವಿವರಿಸುತ್ತಿತ್ತು. ಕಡ್ಡಿ ಕಪ್ಪಗಾಗಿ, ಪಟ್ಟಿಗಳು ಹೊಸ ಬಳೆಯಂತೆ ಹೊಳೆದಾಗಲೇ ಅವನು ಕಣ್ಣು ಬಿಟ್ಟು ನೋಡಿದ್ದು.

ಆಟ ಸೊಗಸಾಗಿ ಓಡಿತು. ಎಂಟಕ್ಕೆ ಬಾವುಟ ಹಾರಿತು.

"ಚೆನ್ನಾಗದೆ ಕಣ್ಲಾ," ಎಂದು ಬಸವಪ್ರಸಾದ್ ಎದ್ದ. "ಬಾವುಟ ನೋಡಕ್ಕೆ ನಗರದಿಂದ ಬಂದಂಗಾಯ್ತು."

ಮತ್ತೆ ಎಷ್ಟು ವಿಭೂತಿ ಮೆತ್ತಿದರೂ ಬೂದಿ ಹಿಂದೆ ಕೂತಂತೆ ಕೂರಲಿಲ್ಲ. ಆಗ ಶಿವಶಂಕರ ಬೇರೆ ದಾರಿ ಹಿಡಿದ. ಯಾವ ಪಟ್ಟಿ ಯಾವುದಕ್ಕೆ ಸೋರಿದರೆ ಏನಾಗುತ್ತದೆ ಎಂದು ತಂತ್ರಾಂಶದೊಳಗೇ ಲೆಕ್ಕ ಹಾಕಿ, ಒಂದೊಂದೇ ಜೋಡಿ ಪರೀಕ್ಷಿಸುತ್ತಾ ಹೋದ. ಮಾಘ ಕಳೆಯುವ ಹೊತ್ತಿಗೆ ಒಂದು ಜೋಡಿಗೆ ಮರಗಳು ತಲೆಕೆಳಗಾದವು. ಕಂದಕ ಬಂತು. ನೀರು ಮಾತ್ರ ಹಸಿರು. ಕೆಂಪು ಮಾಡಲು ಹೋದರೆ ಮರ ನೆಟ್ಟಗಾಗುತ್ತಿತ್ತು. ಹತ್ತಿರ ಬಂದಿದೆ, ಅದೇ ಅಲ್ಲ ಎಂದು ಗೊತ್ತಿದ್ದೂ ಅವನು ಅದನ್ನು ತಂತ್ರಾಂಶದ ಬಳಗಕ್ಕೆ ಕಳಿಸಿದ. ತಪ್ಪು ತೆಗೆಯುವವರ ಬಳಗ ಆ ತಪ್ಪನ್ನು ಆದರದಿಂದ ಸೇರಿಸಿಕೊಂಡಿತು. ಎಮ್ಯುಲೇಟರಿನಲ್ಲಿ ಈಗ 'ವಿಭೂತಿ' ಎಂಬ ಆಯ್ಕೆಯಿದೆ. ಬ್ರೆಜಿಲಿನವರು ಅದನ್ನು ಹೇಗೆ ಉಚ್ಚರಿಸುತ್ತಾರೋ ತಿಳಿಯದು.

ಬೇಸಿಗೆಯಲ್ಲಿ ಬಸವಪ್ರಸಾದ್ ಚಾಮರಾಜನಗರದಲ್ಲಿ ಹೊಸ ಮನೆಯ ಗೃಹಪ್ರವೇಶ ಮಾಡಿದ. ಊಟವಾದ ಮೇಲೆ ಅವನ ಹೆಂಡತಿಯ ತಮ್ಮ ಗುರುಪಾದಸ್ವಾಮಿ ಆಟದ ಯಂತ್ರ ತೆಗೆದು ನೆಂಟರಿಗೆ ತೋರಿಸತೊಡಗಿದ. ಬದನಗುಪ್ಪೆಯ ಕಾರ್ಖಾನೆಯಲ್ಲಿ ಎಂಜಿನಿಯರಾಗಿರುವ ಅವನಿಗೆ ಅದರಲ್ಲಿ 'ವಿಭೂತಿ' ಸೇರಿಸಿದವರು ಯಾರೆಂದು ಗೊತ್ತಿರಲಿಲ್ಲ. "ಇಲ್ನೋಡಿ, ಪ್ರಪಂಚದಲ್ಲೆಲ್ಲಾ ಆಡ್ತಾವ್ರೆ. ಒಂಬತ್ನೇ ಕೋಟೆ!"

ತಾಂಬೂಲ ಹಾಕುತ್ತಿದ್ದವರೆಲ್ಲ ಬಗ್ಗಿ ನೋಡಿದರು. ಬಸವಪ್ರಸಾದ್ ಕೂಡ ನೋಡಿದ. ಪ್ರಪಂಚವೇ ಒಪ್ಪಿದ ಮೇಲೆ ಅವನು ಒಪ್ಪದಿರುವಷ್ಟು ದಡ್ಡನಲ್ಲ.

"ಇದಾ? ಇದ್ನ ನಾವು ಹರದನಹಳ್ಳೀಲೇ ನೋಡ್ಬುಟ್ಟಿದ್ದೊ. ನಾನೂ ಸಿವನೂ ಅಕ್ಕಪಕ್ಕ ಕೂತಿದ್ದೊ. ಇದೇ ಮರ, ಇದೇ ಹಸ್ರು ನೀರು. ಕೇಳಿ ಬೇಕಾದ್ರೆ! ಅಲ್ವೇನ್ಲಾ ಸಿವ?"

ಎಲ್ಲರೂ ಶಿವಶಂಕರನ ಕಡೆ ತಿರುಗಿದರು. ಹೂಂ ಎಂದರೆ ಸಾಕಿತ್ತು. ಅಷ್ಟು ವರ್ಷದ ಅಡ್ಡಹೆಸರು ಅಲ್ಲೇ ಬಿರುದಾಗುತ್ತಿತ್ತು, ಅದೂ ಉಪನ್ಯಾಸಕರ ಸಾಕ್ಷಿಯೊಂದಿಗೆ. ಶಶಿರೇಖಾ ಪಕ್ಕದಿಂದ ಮೊಣಕೈಯಲ್ಲಿ ತಿವಿದಳು. ಆದರೆ ಸ್ಪಿರಿಟಿನ ಸೀಸೆ ಕಂಡರೆ ಒರೆಸುವ ಕೈಗೆ ತಕ್ಕ ಬಾಯಿ ಅವನದು.

"ನೀರು ಕೆಂಪಗಿತ್ತು ಬಾವ. ಇದು ಅದಲ್ಲ. ಇದು ನಾನು ಮಾಡಿದ್ದು."

ನಗು ಭೋರ್ಗರೆಯಿತು. "ನೋಡ್ದ್ರಾ, ಇವ್ನೇ ಮಾಡಿದ್ದಂತೆ! ಬ್ರೆಜಿಲ್‌ನೋರ್ಗೆಲ್ಲಾ ಇವ್ನೇ ಕ್ವಾಟೆ ಕಟ್ಕೊಟ್ಟಿದ್ದಂತೆ!" ಎಂದು ಬಸವಪ್ರಸಾದ್ ತೊಡೆ ತಟ್ಟಿಕೊಂಡ. ಸಂಜೆಯ ಹೊತ್ತಿಗೆ ಮಾವನ ಕಡೆಯವರೆಲ್ಲ ಅವನನ್ನು ಕೆಂಪ್ನೀರು ಶಿವಣ್ಣ ಎಂದು ಕರೆಯುತ್ತಿದ್ದರು.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಶಶಿರೇಖಾ ಬೇರೆ ಸೀಟಿಗೆ ಹೋಗಿ ಕೂತಳು. ತೆರಕಣಾಂಬಿ ದಾಟಿದ ಮೇಲೆ, ಗೃಹಪ್ರವೇಶಕ್ಕೆ ಜೊತೆಗೆ ಬಂದಿದ್ದ ದೊಡ್ಡಮಲ್ಲಮ್ಮ ಮಗನ ಕಡೆ ಬಾಗಿದಳು.

"ನಗೋರು ನಕ್ಕೊಳ್ಲಿ ಬುಡು. ನೀರು ಕೆಂಪಗೇ ಇತ್ತು ಕಣ, ನಂಗೊತ್ತು. ವಿಭೂತಿ ಮ್ಯಾಲೆ ಕುಂಕುಮನೂ ಇಟ್ಟಿದ್ನಲ್ಲ."

ಕುಂಕುಮದ ಬಣ್ಣ ತಾಮ್ರದ ಪಟ್ಟಿಯಿಂದ ಟೀವಿಗೆ ಹರಿಯುವುದಿಲ್ಲ ಎಂದು ಹೇಳಲು ಶಿವಶಂಕರ ಬಾಯಿ ತೆರೆದ. ಅವ್ವ ಆಗಲೇ ಸೆರಗು ಹೊದ್ದು ಕಿಟಕಿಗೆ ಒರಗಿದ್ದಳು. ಅವನು ಬಾಯಿ ಮುಚ್ಚಿಕೊಂಡ.