ತರ್ಕದ ಕ್ಲಾಸಿಗೆ ತೃಪ್ತಿ ಹೇಳಿದ ಕದಿರೇಶ

ಇಂಗ್ಲಿಷಿನವರು ಓದಿಗೂ ಕೋರ್ಸು ಅನ್ನುತ್ತಾರೆ, ಊಟದಲ್ಲಿ ಒಂದೊಂದು ಸುತ್ತು ಬಡಿಸಿದ್ದಕ್ಕೂ ಕೋರ್ಸು ಅನ್ನುತ್ತಾರೆ. ಗೌನಿಪಲ್ಲಿಯ ಕದಿರೇಶ ಕೆಟ್ಟದ್ದು ಈ ಎರಡು ಕೋರ್ಸುಗಳ ನಡುವೆ.

ನಲವತ್ತೊಂದನೆಯ ಇಸವಿಯಲ್ಲಿ ಅವನು ಕೋಲಾರದ ಒಂದು ಸಣ್ಣ ಇಂಟರ್‌ಮೀಡಿಯೆಟ್ ಕಾಲೇಜಿನ ಎರಡನೆಯ ವರ್ಷದಲ್ಲಿದ್ದ. ಅದೂ ಎರಡನೆಯ ಸಲ. ಹಿಂದಿನ ವರ್ಷ ಉಳಿದದ್ದೆಲ್ಲ ಪಾಸಾಗಿ ತರ್ಕಶಾಸ್ತ್ರ ಒಂದು ಹೋಗಿತ್ತು. ಪುರೋಹಿತರಾದ ಅಪ್ಪ, "ಇಂಕೊಕ್ಕ ಸಾರಿ, ಇನ್ನು ಒಂದೇ ಸಾರಿ ಕಣೋ. ಆಮೇಲೆ ಕಾಲೇಜು ಸಾಕು" ಎಂದಿದ್ದರು.

ತರ್ಕ ಹೇಳುತ್ತಿದ್ದವರು ವೆಂಕಟರಮಣಪ್ಪ ಮೇಷ್ಟರು. ತಾವು ವಿದ್ಯಾರ್ಥಿಯಾಗಿದ್ದಾಗ ಬರೆದುಕೊಂಡಿದ್ದ ನೋಟ್ಸಿನಿಂದ ನೋಟ ಎತ್ತದೆ ಓದುವರು. ಹುಳು ತಿಂದ ಜಾಗ ಬಂದರೆ "ಬ್ಲಾಂಕ್" ಎನ್ನುವರು. ಹುಡುಗರು ಅದನ್ನೂ ಬರೆದುಕೊಳ್ಳುವರು.

ಕದಿರೇಶನ ಊಟ ವಾರಾನ್ನ, ದಿನಕ್ಕೊಂದು ಮನೆಯಂತೆ ಏಳು ಮನೆ. ಜತೆಗೆ ತಿಥಿಗಳು. ಮದುವೆಯಾಗದ ಹುಡುಗನನ್ನು ತಿಥಿಗೆ ಕೂರಿಸಬಹುದೇ ಎಂದು ಶಾಸ್ತ್ರ ನೋಡುವಷ್ಟು ಬ್ರಾಹ್ಮಣರು ಆ ಬೀದಿಯಲ್ಲಿರಲಿಲ್ಲ. ಸತ್ತವರ ಪರವಾಗಿ ಉಂಡು, ಕೊನೆಗೆ ಯಜಮಾನ "ತೃಪ್ತರಾದಿರಾ?" ಎಂದು ಸಂಸ್ಕೃತದಲ್ಲಿ ಕೇಳಿದಾಗ, "ತೃಪ್ತಾಃ ಸ್ಮಃ", ನಾವು ತೃಪ್ತರಾಗಿದ್ದೇವೆ, ಎನ್ನಬೇಕು. ಸಾರಿನಲ್ಲಿ ಉಪ್ಪಿಲ್ಲದಿದ್ದರೂ ಅನ್ನಬೇಕು. ಮೂರು ವರ್ಷದಲ್ಲಿ ಅವನು ಅದನ್ನು ಎಷ್ಟು ಸಲ ಅಂದನೋ.

ಆ ನವೆಂಬರಿನಲ್ಲಿ ವಿಶ್ವವಿದ್ಯಾನಿಲಯದಿಂದ ಒಬ್ಬ ತನಿಖಾಧಿಕಾರಿ ಬರುವ ಸುದ್ದಿ ಬಂತು. ಪಾಠ ಹೇಗಿದೆಯೆಂದು ಹುಡುಗರನ್ನೇ ಕೇಳುತ್ತಾರಂತೆ. ದೂರು ಬಂದರೆ ಪರೀಕ್ಷೆಗೆ ಮೊದಲೇ ಬೆಂಗಳೂರಿನಿಂದ ಬೇರೆ ಮೇಷ್ಟರನ್ನು ಕಳಿಸುತ್ತಾರಂತೆ. ತರ್ಕದ ಕ್ಲಾಸಿನ ಎಂಟೂ ಜನ ಹುಣಸೆಮರದ ಕೆಳಗೆ ಸೇರಿದರು.

"ಲೇ ಕದಿರೇಶ, ನೀನೇ ಹೇಳ್ಬೇಕು ಕಣೋ" ಎಂದ ಮಾಸ್ತಿಯ ರೈತರ ಮಗ ಚನ್ನರಾಯಪ್ಪ. "ನಿಂದು ಮಂತ್ರ ಹೇಳೋ ಗಂಟ್ಲು. ನಾವ್ ಬಾಯ್ಬಿಟ್ರೆ ಹಸ ಅಟ್ಟಿದಂಗಿರ್ತದೆ."

"ಏನಂತ ಹೇಳ್ಲಿ?"

"ಪಾಠ ಅರ್ಥ ಆಗ್ತಿಲ್ಲ, ಬೇರೆ ಮೇಷ್ಟ್ರು ಬೇಕು ಅಂತ. ತರ್ಕ ಅಂತೂ ಬರ್ಲಿಲ್ಲ, ತಕರಾರಾದ್ರೂ ಬರ್ಬೇಕಲ್ಲ!"

ತನಿಖಾಧಿಕಾರಿ ಬಂದ ದಿನವೇ ಕದಿರೇಶನಿಗೆ ಒಂದು ತಿಥಿಯಿತ್ತು. ಹನ್ನೊಂದು ವಡೆ, ಎರಡು ಬಗೆ ಪಾಯಸ. ಮೂರು ಗಂಟೆಗೆ ಓಡೋಡಿ ಬಂದು ಬೆಂಚಿನ ಪಕ್ಕ ನಿಂತಾಗ ಹೊಟ್ಟೆ ಮೊದಲು ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಮೇಷ್ಟರು ಕಿಟಕಿಯ ಹತ್ತಿರ ನೋಟ್ಸನ್ನು ಎದೆಗೊತ್ತಿಕೊಂಡು ನಿಂತಿದ್ದರು.

ಅಧಿಕಾರಿಗಳು ಸಂಸ್ಕೃತ ಬಲ್ಲವರು. "ಏನಪ್ಪ, ತರ್ಕದ ಪಾಠದಿಂದ ಎಲ್ಲರೂ ತೃಪ್ತರೇ?" ಎಂದು ಕೇಳಿದರು.

"ತೃಪ್ತಾಃ ಸ್ಮಃ" ಎಂದಿತು ಕದಿರೇಶನ ಗಂಟಲು. ಸ್ವರಸಮೇತ.

"ಭೇಷ್! ಬಹುವಚನದಲ್ಲಿ ಹೇಳಿದೆ" ಎಂದು ಅಧಿಕಾರಿಗಳು ನಕ್ಕು, ಎಂಟೂ ಜನ ತೃಪ್ತರೆಂದು ಬರೆದುಕೊಂಡರು.

"ಲೇ, ಅಲ್ಲ ಅನ್ನೋ! ಅಲ್ಲ ಅನ್ನೋ!" ಚನ್ನರಾಯಪ್ಪ ಹಿಂದಿನಿಂದ ತಿವಿದ. "ತೃಪ್ತಾಃ ಸ್ಮಃ" ಅಂದ ಮೇಲೆ ಇನ್ನೊಂದು ಮಾತಾಡಿ ಕದಿರೇಶನಿಗೆ ಅಭ್ಯಾಸವಿರಲಿಲ್ಲ. ಎದ್ದು ಕೈ ತೊಳೆಯುವುದಷ್ಟೇ. ಅಧಿಕಾರಿಗಳು ಹೊರಟುಹೋದರು.

ಯಾರೂ ಅವನನ್ನು ಹೊಡೆಯಲಿಲ್ಲ. "ಏನ್ಲಾ ಮಾಡ್ಬಿಟ್ಟೆ" ಎಂದು ಚನ್ನರಾಯಪ್ಪ ಒಂದು ಸಲ ಕೇಳಿದ. "ಗೊತ್ತಿಲ್ಲ ಕಣೋ" ಎಂದ ಕದಿರೇಶ. ಮರುದಿನ ಮೇಷ್ಟರು ನಿಲ್ಲಿಸಿದ್ದ ಕಡೆಯಿಂದ ಓದಿದರು, ಇವರು ಬರೆದುಕೊಂಡರು.

ಆ ವರ್ಷದ ಪರೀಕ್ಷೆಯಲ್ಲಿ ಎಂಟರಲ್ಲಿ ಆರು ಜನಕ್ಕೆ ತರ್ಕ ಹೋಯಿತು. ಪತ್ರಿಕೆಯಲ್ಲಿ ತನ್ನ ನಂಬರು ಇಲ್ಲದ್ದನ್ನು ಕದಿರೇಶ ಎರಡು ಸಲ ನೋಡಿ, ಪಕ್ಕದಲ್ಲಿದ್ದ ತಲೆನೋವಿನ ಮುಲಾಮಿನ ಜಾಹೀರಾತನ್ನು ಪೂರ್ತಿ ಓದಿದ. ದುಃಖ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಅಪ್ಪ ಹೇಳಿದ್ದ ಒಂದೇ ಸಾರಿ ಮುಗಿದಿತ್ತು. ಮುಳಬಾಗಿಲಿನಲ್ಲಿ ಬಸ್ ಏಜೆಂಟನ ಕೆಲಸ ಸಿಕ್ಕಿತು, ಸೇರಿದ.

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ನಲವತ್ತನಾಲ್ಕರಲ್ಲಿ ಒಂದು ದಿನ ವೆಂಕಟರಮಣಪ್ಪ ಮೇಷ್ಟರು ಕೋಲಾರಕ್ಕೆ ಹೋಗಲು ಅಲ್ಲಿಗೆ ಬಂದರು.

"ನೀನಾ! ಅವತ್ತು ನೀನಂದ ಒಂದು ಮಾತಿನಿಂದ ನನ್ನ ಕೆಲಸ ಖಾಯಂ ಆಯ್ತು ಕಣಯ್ಯ" ಎಂದು ಅವರು ಕೈ ಹಿಡಿದುಕೊಂಡರು. "ನೀನು?"

"ನಾನೂ ಖಾಯಂ ಸಾರ್. ಇಲ್ಲಿ."

ಹೊಗೆ ಬಾರದ ಕಡೆ ಅವರಿಗೆ ಸೀಟು ತೋರಿಸಿ, ಕದಿರೇಶ ಮುಂದಿನವರಿಗೆ ಚೀಟಿ ಹರಿದ.