ಮಾಂಗ್ ತೆರೋಯ್ ಮತ್ತು ಹಸಿರು ಪಟ್ಟೆ

ಸೈಕಲ್ ಪಥ ಉದ್ಘಾಟನೆಯಾದ ಮರುದಿನ ಬೆಳಿಗ್ಗೆಯೇ ಮಾಂಗ್ ತೆರೋಯ್ ಅದರ ಮೇಲೆ ಅಂಗಾತ ಬಿದ್ದರು. ನಿಂತ ಕಾರಿನ ಬಾಗಿಲನ್ನು ಯಾರೋ ಹಿಂದೆ ನೋಡದೆ ತೆರೆದಿದ್ದರು. ಇಳಿದವರು ನೋಡಿದರೆ ನಮ್ಮ ಪಾದ್ರಿಗಳು. ಬಾಯಿಗೆ ಬಂದ ಬೈಗುಳವನ್ನು ತೆರೋಯ್ ನುಂಗಿಕೊಳ್ಳಬೇಕಾಯಿತು. ಸೈಕಲ್ ಡಬ್ಬಿಯ ಬಿಸಿ ಪಾನ್‌ದೆಸಾಲ್ ಬನ್ನೆಲ್ಲ ಬೀದಿನಾಯಿಗಳ ಪಾಲು, ಬನ್ನವೆಲ್ಲ ಇವರ ಪಾಲು.

ಮನಿಲಾದ ಅಂಚಿನ ನಮ್ಮ ಬೀದಿಯನ್ನು ದಿನಾ 'ಪೊತ್‌ಪೊತ್' ಹಾರ್ನ್ ಒತ್ತಿ ಬನ್ನು ಮಾರುತ್ತ ಎಬ್ಬಿಸುವುದು, ನಾವು ಗೌರವದಿಂದ 'ಮಾಂಗ್' ಎನ್ನುವ ಈ ಮುದುಕರೇ. ಅವರ ತಕರಾರು ಸರಳ: ಸೈಕಲ್ ಪಥವೆಂದು ಹಸಿರು ಪಟ್ಟೆ ಬಳಿದಿರುವುದು ನಿಂತ ಕಾರುಗಳ ಬಾಗಿಲಿಗೂ ಜನರನ್ನು ತುಂಬಿಕೊಂಡು ಓಡುವ ಜೀಪ್ನಿ ಬಂಡಿಗಳಿಗೂ ನಡುವೆ. ಮೊಮ್ಮಗಳು ಲಿವಾಯ್ ಇನ್ನು ಅದೇ ಪಟ್ಟೆಯ ಮೇಲೆ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗಬೇಕು.

"ಕ್ಯಾಪ್ಟನ್, ಲಿಪ್‌ಸ್ಟಿಕ್ ಹಚ್ಚಿದ್ರೆ ಹಲ್ಲುನೋವು ಹೋಗುತ್ತಾ?" ಎಂದು ಬಡಾವಣೆಯ ಮುಖಂಡರನ್ನು ಕೇಳಿದರು.

"ಬೆಳ್‌ಬೆಳಿಗ್ಗೆ ತಲೆ ತಿನ್ಬೇಡಿ ಮಾಂಗ್. ಪಟ್ಟೆ ಅಂಚಿಗೆ ಪ್ಲಾಸ್ಟಿಕ್ ಕಂಬ ಹಾಕಿಸ್ತೀನಿ."

ಕಂಬ ಬಂದವು. ಒಂದಕ್ಕೆ ಬಟ್ಟೆ ಒಣಹಾಕುವ ಹಗ್ಗ, ಇನ್ನೊಂದಕ್ಕೆ ಪಂದ್ಯದ ಹುಂಜ. ಮಿಕ್ಕವನ್ನು ಜನ ಕಿತ್ತು ತಂತಮ್ಮ ಗೇಟಿನ ಮುಂದೆ ನೆಟ್ಟು, 'ಇದು ನನ್ನ ಜಾಗ' ಎಂದರು. ಮಳೆಗಾಲ ಬಂತು, ನಗರಸಭೆಯ ಬಣ್ಣ ಬಯಲಾಯಿತು.

ಆಗ ಅಲಿಂಗ್ ಸೆಪಾ ಎಂಬ ನೆರೆಮನೆಯ ಅಜ್ಜಿ ತೀರಿಕೊಂಡರು. ನಮ್ಮಲ್ಲಿ ಸಾವಾದರೆ ಹೆಣದ ಪೆಟ್ಟಿಗೆ ಮನೆಯೊಳಗೆ, ಚಪ್ಪರ ಬೀದಿಯೊಳಗೆ. ರಾತ್ರಿಯಿಡೀ ಹೆಣ ಕಾಯುವವರ ಇಸ್ಪೀಟು, ಕಾಫಿ, ಬಿಸ್ಕತ್ತು ಅರ್ಧ ರಸ್ತೆ ನುಂಗಿದವು. ಹಡಗಿನಲ್ಲಿ ದುಡಿಯುವ ಮಗ ಬರುವತನಕ ಮಣ್ಣು ಮಾಡುವಂತಿಲ್ಲ. ಉಳಿದರ್ಧದಲ್ಲಿ ಜೀಪ್ನಿಗಳು ಬಸುರಿಯರಂತೆ ಹೆಜ್ಜೆಯಿಟ್ಟವು.

"ಲೋಲೋ, ಇವತ್ತು ಒಬ್ರೂ ನನ್ನ ಮೈಮೇಲೆ ಬರ್ಲಿಲ್ಲ!" ಎಂದು ಲಿವಾಯ್ ತಾತನಿಗೆ ಕೂಗಿ ಹೇಳಿದಳು.

"ರಸ್ತೆ ಇಕ್ಕಟ್ಟಾದ್ರೆ ಗಾಡಿಗೆ ಬುದ್ಧಿ ಬರುತ್ತೆ ಮಗಾ. ಸೆಪಾ ಬದುಕಿದ್ದಾಗ ಒಂದು ಲೋಟ ನೀರು ಕೊಟ್ಟೋಳಲ್ಲ, ಸತ್ತು ಉಪಕಾರ ಮಾಡಿದ್ಲು."

ಆ ಮಗನ ಹಡಗು ತಡವಾಗಲಿ ಎಂದು ತೆರೋಯ್ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದ್ದೂ ಉಂಟು. ಆದರೂ ಮಗ ಬಂದ, ಮಣ್ಣಾಯಿತು, ಚಪ್ಪರ ಬಿಚ್ಚಿದರು. ಅದೇ ವಾರ ಮೋಟರ್‌ಬೈಕೊಂದು ಲಿವಾಯಳನ್ನು ಚರಂಡಿಗೆ ತಳ್ಳಿಹೋಯಿತು. ಮೊಣಕೈ ತರಚಿತು, ತಲೆ ಉಳಿದದ್ದು ಪುಣ್ಯ.

ತೆರೋಯ್ ನಗರಸಭೆಯ ಇಂಜಿನಿಯರ್ ಕೋಣೆಯ ಬಾಗಿಲಲ್ಲಿ ಕೂತುಬಿಟ್ಟರು. ಬೈದರು, ಬೇಡಿದರು, ಚಪ್ಪರದ ಕಥೆಯನ್ನು ಬಂದವರಿಗೆಲ್ಲ ಒಪ್ಪಿಸಿದರು. ಕಡೆಗೆ ಸಾಕಾಗಿ ಇಂಜಿನಿಯರಮ್ಮ ಟೇಪು ಹಿಡಿದು ಬಂದರು, ಅಳೆದರು, ಒಪ್ಪಿದರು: ಬೀದಿಯುದ್ದಕ್ಕೂ ಕಾಂಕ್ರೀಟಿನ ಹೂತೊಟ್ಟಿ, ಅದರ ಮರೆಯಲ್ಲಿ ಸೈಕಲ್ ದಾರಿ, ಗಾಡಿಗಳಿಗೆ ಇಕ್ಕಟ್ಟು ರಸ್ತೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

"ಇಷ್ಟು ಹೋರಾಡಿದೀರಿ ಮಾಂಗ್, ಮೊದಲ್ನೇ ತೊಟ್ಟಿ ನಿಮ್ಮ ಮನೆ ಮುಂದೇನೇ ಇಡೋಣ್ವಾ?" ಎಂದು ಇಂಜಿನಿಯರಮ್ಮ ಕೇಳಿದರು.

ತೆರೋಯ್ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಅಲ್ಲೊಂದು ಬೇಡ ಮೇಡಂ. ಅಲ್ಲಿ ನಮ್ಮ ಅಳಿಯ ಜೀಪ್ನಿ ನಿಲ್ಲಿಸ್ತಾನೆ."